ಶಿವರಾತ್ರಿ ರಜೇಲಿ ಜಿಯೋಲೈಟ್ ಹುಡುಕಿದ್ದು: ತುಮಕೂರಿಂದ ಚಿಂತಾಮಣಿ, ಕೆಜಿಎಫ್, ಮತ್ತೆ ವಾಪಸ್

ಶಿವರಾತ್ರಿಗೆ ಇನ್ನು ನಾಲ್ಕು ದಿನ ಇತ್ತು, ಚಿಂತಾಮಣಿ ಹತ್ರದ ಹಳ್ಳಿಯಿಂದ ಭಾವ ವಾಟ್ಸಾಪಲ್ಲಿ ಒಂದು ಫೋಟೋ ಕಳ್ಸಿದ್ರು. ಕೊಟ್ಟಿಗೆ ಕಟ್ಟೋಕೆ ಅಂತ ಒಂದು ಲೋಡ್ ಸೈಜುಗಲ್ಲು ತರಿಸಿದ್ರಂತೆ, ಅದರಲ್ಲಿ ಒಂದು ಕರಿಕಲ್ಲಿನ ಮಗ್ಗುಲಿಗೆ ಬಿಳೀದು, ಸ್ವಲ್ಪ ಗುಲಾಬಿ ಛಾಯೆ ಇರೋದು, ಸಣ್ಣ ಸಣ್ಣ ಕಡ್ಡಿ ಒತ್ತೊತ್ತಾಗಿ ನೆಟ್ಟಂಗೆ ಏನೋ ಅಂಟ್ಕೊಂಡಿತ್ತು. ಕೆಳಗೆ "ಇದು ನಿನ್ನ ಅಜಂತಾ ಕಲ್ಲಿನ ಜಾತೀದಾ ನೋಡಪ್ಪ" ಅಂತ ಬರ್ದಿದ್ರು.

ಅಜಂತಾ ಕಲ್ಲು ಅಂದ್ರೆ ನಮ್ಮನೆ ಶೋಕೇಸಲ್ಲಿರೋ ಸ್ಟಿಲ್ಬೈಟ್. ಹತ್ತು ಹನ್ನೆರಡು ವರ್ಷದ ಹಿಂದೆ ಸ್ಕೂಲ್ ಟೂರಿಗೆ ಮಕ್ಕಳನ್ನ ಕರ್ಕೊಂಡು ಹೋದಾಗ ಗುಹೆ ಹೊರಗಡೆ ಮಾರೋರ ಹತ್ರ 150 ರೂಪಾಯಿ ಕೊಟ್ಟು ತಂದಿದ್ದು. ಹುಲ್ಲಿನ ಕಂತೆಯನ್ನ ನಡುವಲ್ಲಿ ಬಿಗಿದು ಎರಡೂ ತುದಿ ಬಿಚ್ಚಿಬಿಟ್ಟಂಗೆ ಇದೆ ಅದರ ಹರಳು, ಬೆಳಕಿಗೆ ಹಿಡಿದ್ರೆ ಮುತ್ತಿನ ಹೊಳಪು. ಅದು ಜಿಯೋಲೈಟ್ ಅನ್ನೋ ಖನಿಜಗಳ ಕುಟುಂಬದ್ದು. ಸಿಲಿಕಾನ್, ಅಲ್ಯುಮಿನಿಯಂ, ಆಕ್ಸಿಜನ್ ಸೇರಿ ಕಟ್ಟಿರೋ ಜೇನುಗೂಡಿನಂಥ ಚೌಕಟ್ಟು, ಒಳಗೆ ಸಣ್ಣ ಸಣ್ಣ ಓಣಿಗಳು, ಆ ಓಣಿಗಳಲ್ಲಿ ನೀರು. ಕಾಯಿಸಿದ್ರೆ ನೀರು ಆಚೆ ಬರುತ್ತೆ, ಚೌಕಟ್ಟು ಮಾತ್ರ ನಿಂತೇ ಇರುತ್ತೆ. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಅನ್ನೋರು ಇಂಥ ಒಂದು ಕಲ್ಲನ್ನ ಜ್ವಾಲೆಗೆ ಹಿಡಿದಾಗ ಅದು ಕುದಿಯೋ ಥರ ಉಬ್ಬಿ ಆವಿ ಬಿಡ್ತು ಅಂತ ಗ್ರೀಕ್ ಭಾಷೇಲಿ "ಕುದಿಯೋ ಕಲ್ಲು" ಅಂತ ಹೆಸರಿಟ್ರು. ಹೈಸ್ಕೂಲಲ್ಲಿ ವಿಜ್ಞಾನ ಹೇಳ್ಕೊಡೋ ನನಗೆ ಈ ಒಂದು ಕಲ್ಲಿನ ಮೇಲೆ ಇರೋ ಪ್ರೀತಿ ಬೇರೆ ಯಾವುದರ ಮೇಲೂ ಇಲ್ಲ.

ಆದ್ರೆ ನಮ್ಮ ಕಡೆ ಇದು ಸಿಗಲ್ಲ ಅಂತಾನೇ ಇಷ್ಟು ವರ್ಷ ಮಕ್ಕಳಿಗೆ ಹೇಳ್ಕೊಂಡು ಬಂದಿದ್ದೆ. ಅಜಂತಾ, ಪುಣೆ, ನಾಸಿಕ್, ಜಳಗಾಂವ್ ಕಡೆಯದೆಲ್ಲ ಸುಮಾರು 6.6 ಕೋಟಿ ವರ್ಷದ ಹಿಂದೆ ಹರಿದ ಲಾವಾ, ಬಸಾಲ್ಟ್. ನಮ್ಮ ರಾಜ್ಯದಲ್ಲಿ ಆ ಕಲ್ಲು ಬೇಕಂದ್ರೆ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಗೆ ಹೋಗ್ಬೇಕು. ಆ ಲಾವಾದೊಳಗೆ ಗ್ಯಾಸಿನ ಗುಳ್ಳೆ ಬಿಟ್ಟುಹೋದ ಪೊಳ್ಳುಗಳಲ್ಲಿ ಬಿಸಿನೀರು ಓಡಾಡಿ, ನಿಧಾನಕ್ಕೆ ತಣ್ಣಗಾಗ್ತಾ ಹರಳು ಕಟ್ಟಿದೆ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರದ್ದು ಅದಕ್ಕಿಂತ ಎಷ್ಟೋ ಹಳೇ ಗ್ರಾನೈಟು, ನೈಸು (ಬಿಸಿ, ಒತ್ತಡಕ್ಕೆ ಸಿಕ್ಕಿ ಪಟ್ಟೆ ಪಟ್ಟೆಯಾದ ಕಲ್ಲು), ಪೊಳ್ಳೂ ಇಲ್ಲ ಗುಳ್ಳೇನೂ ಇಲ್ಲ. ಹಾಗಾಗಿ ಫೋಟೋ ನೋಡಿ ಮೊದಲು "ಸುಣ್ಣದಕಲ್ಲು ಇರ್ಬೇಕು ಭಾವ, ಕ್ಯಾಲ್ಸೈಟ್" ಅಂತ ರಿಪ್ಲೈ ಮಾಡ್ದೆ. ರಾತ್ರಿ ಇನ್ನೊಂದು ಸಲ ಝೂಮ್ ಮಾಡಿ ನೋಡಿದ್ರೆ ಆ ಕಡ್ಡಿಗಳ ತುದಿ ಓರೆಯಾಗಿ, ಉಳಿ ಬಾಯಿ ಥರ ಕತ್ತರಿಸಿದಂಗೆ ಇತ್ತು, ಕ್ಯಾಲ್ಸೈಟ್ ಹಾಗಿರಲ್ವಲ್ಲ. ನಿದ್ದೆ ಬರ್ಲಿಲ್ಲ. ಶಿವರಾತ್ರಿ ರಜೆ ಜೊತೆ ಎರಡು ದಿನ ಸಿಎಲ್ ಹಾಕಿ, ಅಕ್ಕನಿಗೆ ಫೋನ್ ಮಾಡಿ ಬರ್ತೀನಿ ಅಂದೆ.

ಮೊದಲನೇ ದಿನ

ಬೆಳಿಗ್ಗೆ ಆರಕ್ಕೆಲ್ಲ ಬೈಕ್ ತೆಗ್ದೆ. ಬೆಂಗಳೂರು ಮೇಲೆ ಹೋದ್ರೆ ರಸ್ತೆ ಚೆನ್ನಾಗಿದೆ ಆದ್ರೆ ಟ್ರಾಫಿಕ್ಕಲ್ಲಿ ಜೀವ ಹೋಗುತ್ತೆ, ನಂಗೆ ಕೊರಟಗೆರೆ, ಮಧುಗಿರಿ, ಗೌರಿಬಿದನೂರು ಮೇಲಿನ ರಸ್ತೇನೇ ಇಷ್ಟ, ಚಿಂತಾಮಣಿಗೆ ನೂರೈವತ್ತು ಕಿಲೋಮೀಟರ್ ಆಸುಪಾಸು ಆಗುತ್ತೆ, ಇಡೀ ದಾರಿ ಬಂಡೆ ನೋಡ್ಕೊಂಡು ಹೋಗ್ಬಹುದು. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರಲ್ಲ, ಏಳೂವರೆಗೆಲ್ಲ ಜರ್ಕಿನ್ ಬಿಚ್ಚೋ ಹಂಗಾಯ್ತು. ಕೊರಟಗೆರೆ ದಾಟಿದ ಮೇಲೆ ರಸ್ತೆ ಬದೀಲಿ ಹುಣಸೆಹಣ್ಣು ಬಡೀತಿದ್ರು, ಮರದಡಿ ಟಾರ್ಪಾಲ್ ಹಾಸಿ ಹೆಂಗಸರು ಕೂತು ಸಿಪ್ಪೆ ಬಿಡಿಸ್ತಿದ್ರು, ಆ ಹುಳಿ ವಾಸನೆ ಬೈಕಲ್ಲಿ ಹೋಗ್ತಿದ್ರೂ ಹಲ್ಲು ಜುಮ್ ಅನ್ನಿಸ್ತಿತ್ತು.

ಮಧುಗಿರಿ ಬೆಟ್ಟದ ಬುಡದಲ್ಲಿ ಟೀ ಕುಡಿಯೋಕೆ ನಿಲ್ಲಿಸ್ದೆ. ಈ ಬೆಟ್ಟ ಕ್ಲೋಸ್‌ಪೇಟೆ ಗ್ರಾನೈಟಿನ ಪಟ್ಟಿಗೆ ಸೇರಿದ್ದು, ಕ್ಲೋಸ್‌ಪೇಟೆ ಅಂದ್ರೆ ರಾಮನಗರದ ಹಳೇ ಹೆಸರು. ಸುಮಾರು 250 ಕೋಟಿ ವರ್ಷದ ಕಲ್ಲು, ಉತ್ತರ ದಕ್ಷಿಣವಾಗಿ ನೂರಾರು ಕಿಲೋಮೀಟರ್ ಬೆನ್ನುಮೂಳೆ ಥರ ಹಾದುಹೋಗುತ್ತೆ. ಅದರಲ್ಲಿ ಹೆಬ್ಬೆರಳಷ್ಟು ದಪ್ಪದ ಗುಲಾಬಿ ತುಂಡುಗಳು ಕಾಣಿಸ್ತವೆ, ಹೊಸಬರು ಅದನ್ನ ನೋಡಿ ಸ್ಟಿಲ್ಬೈಟ್ ಅಂದ್ಕೋಬಹುದು ಬಣ್ಣ ಹತ್ರ ಹತ್ರ ಇರೋದ್ರಿಂದ, ಆದ್ರೆ ಅದು ಫೆಲ್ಡ್‌ಸ್ಪಾರ್. ಜೇಬಲ್ಲಿ ಒಂದು ಕಬ್ಬಿಣದ ಮೊಳೆ ಇದ್ರೆ ಸಾಕು ಗೊತ್ತಾಗಿಬಿಡುತ್ತೆ. ಫೆಲ್ಡ್‌ಸ್ಪಾರ್ ಮೇಲೆ ಮೊಳೆ ಎಳೆದ್ರೆ ಕಲ್ಲಿಗೆ ಏನೂ ಆಗಲ್ಲ, ಮೊಳೆಯೇ ಸವೆದು ಪೆನ್ಸಿಲ್ ಥರ ಬೂದು ಗೆರೆ ಬಿಟ್ಟುಹೋಗುತ್ತೆ, ಬೆರಳಲ್ಲಿ ಉಜ್ಜಿದ್ರೆ ಅಳಿಸುತ್ತೆ. ಬೆಣಚುಕಲ್ಲಿನ ಮೇಲೂ ಹಂಗೇ. ಸ್ಟಿಲ್ಬೈಟ್ ಮೇಲೆ ಎಳೆದ್ರೆ ಮೊಳೆ ಒಳಗೆ ಇಳಿದು ಬಿಳಿ ಪುಡಿ ಬರುತ್ತೆ, ಗೆರೆ ಉಳಿಯುತ್ತೆ.

ಗೌರಿಬಿದನೂರು ದಾಟಿ ಮಂಚೇನಹಳ್ಳಿ ಕಡೆ ಬರ್ತಾ ಒಂದು ಕಡೆ ರಸ್ತೆಗೆ ಗುಡ್ಡ ಕಡಿದಿದಾರೆ. ಬೂದು ಬಣ್ಣದ ನೈಸಿನ ಮಧ್ಯೆ ಏಳೆಂಟು ಅಡಿ ಅಗಲದ ಕರಿ ಪಟ್ಟೆ ಗೋಡೆ ಥರ ನಿಂತಿದೆ. ಇದನ್ನೇ ಡೈಕು ಅನ್ನೋದು, ಹಳೇ ಬಂಡೆ ಸೀಳಿದಾಗ ಕೆಳಗಿಂದ ಕರಗಿದ ಕಲ್ಲು ಆ ಸೀಳಿಗೆ ನುಗ್ಗಿ ಗಟ್ಟಿಯಾಗಿದ್ದು, ಕಲ್ಲಿನ ಹೆಸರು ಡಾಲರೈಟ್, ವ್ಯಾಪಾರದಲ್ಲಿ ಬ್ಲ್ಯಾಕ್ ಗ್ರಾನೈಟ್ ಅಂತ ಮಾರೋದು. ಬೆಂಗಳೂರು ಸುತ್ತಮುತ್ತ ಇಂಥ ಡೈಕುಗಳ ದೊಡ್ಡ ಗುಂಪೇ ಇದೆ, ಅದರಲ್ಲಿ ಒಂದು ಗುಂಪಿನ ವಯಸ್ಸು ಸುಮಾರು 237 ಕೋಟಿ ವರ್ಷ. ನಾನು ನಿಲ್ಲಿಸಿ ಲೆನ್ಸ್ ತೆಗೆದು ಕೂತಿದ್ದೆ, ಡೈಕಿನ ಅಂಚಲ್ಲಿ ಬಿಳಿ ಎಳೆಗಳಿದ್ವು, ಅಷ್ಟೊತ್ತಿಗೆ ಬೈಕಲ್ಲಿ ಇಬ್ಬರು ಬಂದು ನಿಂತ್ರು.

"ಏಮಪ್ಪಾ, ಏಂ ಎತುಕ್ತಾ ಉಂಡಾರು?" ಅಂದ್ರು ದೊಡ್ಡೋರು, ಏನು ಹುಡುಕ್ತಿದೀರ ಅಂತ ತೆಲುಗಲ್ಲಿ. ನಾನು ಕನ್ನಡದಲ್ಲೇ ಕಲ್ಲು ನೋಡ್ತಿದೀನಿ ಯಜಮಾನ್ರೆ ಅಂದೆ. ಅವರ ಮುಖ ಸಡಿಲ ಆಗ್ಲಿಲ್ಲ. "ನಾಳೆ ಅಮಾಸೆ, ಇವತ್ತು ಸುತ್ತಿಗೆ ಹಿಡ್ಕೊಂಡು ಬಂದಿದೀರ. ಹೋದ ವರ್ಷ ಗುಡೀ ಹಿಂದುಗಡೆ ನಿಧಿ ಅಂತ ಅಗೆದು ಬಸವಣ್ಣನ್ನೇ ಎತ್ತಿ ಪಕ್ಕಕ್ಕೆ ಹಾಕಿದ್ರು" ಅಂದ್ರು. ಅವರು ಕೇಳಿದ್ರಲ್ಲಿ ತಪ್ಪೇನಿಲ್ಲ. ಸ್ಕೂಲ್ ಐಡಿ ಕಾರ್ಡು ತೋರಿಸ್ದೆ, ಸುತ್ತಿಗೆ ಬ್ಯಾಗಿಗೆ ಹಾಕ್ದೆ, ಲೆನ್ಸನ್ನ ಅವರ ಕೈಗೇ ಕೊಟ್ಟೆ. ಕಣ್ಣಿಗೆ ಅಂಟಿಸ್ಕೊಂಡು ಹಿಡೀರಿ, ಕಲ್ಲನ್ನ ಹತ್ರಕ್ಕೆ ತನ್ನಿ ಅಂದೆ. ಜೊತೇಲಿದ್ದ ಹುಡುಗ ನೋಡಿ "ಸಕ್ಕರೆ ಥರ ಐತೆ ಮಾವ" ಅಂದ, ಆಮೇಲೆ ಅವರೇ ಆಚೆ ಬದಿಗೆ ಕರ್ಕೊಂಡು ಹೋಗಿ ಇನ್ನೂ ದಪ್ಪ ಎಳೆ ತೋರ್ಸಿದ್ರು. ಕಲ್ಲು ಹುಡುಕೋಕೆ ಹೋಗೋರು ಅಮಾವಾಸ್ಯೆ ಹಿಂದೆಮುಂದೆ ಒಂಟಿಯಾಗಿ ಹೋಗ್ಬೇಡಿ, ಹೋದ್ರೂ ಊರೊಳಗೆ ಯಾರಿಗಾದ್ರೂ ಮೊದಲೇ ಹೇಳಿ ಹೋಗಿ.

ಆ ಎಳೆ ಮೊಳೆಗೆ ಸುಲಭವಾಗಿ ಗೀಚ್ತು. ಜಿಯೋಲೈಟೂ ಗೀಚುತ್ತೆ ಕ್ಯಾಲ್ಸೈಟೂ ಗೀಚುತ್ತೆ, ಅದಕ್ಕೇ ಬ್ಯಾಗಲ್ಲಿ ನಿಂಬೆಹಣ್ಣು ಇಟ್ಕೊಂಡಿದ್ದೆ. ಗೀಚಿ ಬಂದ ಪುಡಿ ಮೇಲೆ ಎರಡು ಹನಿ ಹಿಂಡಿ ಲೆನ್ಸಲ್ಲಿ ನೋಡಿದ್ರೆ ಪುಡಿ ಸುತ್ತ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೊಂದೇ ಎದ್ದು ಒಡೀತಿದ್ವು. ಕ್ಯಾಲ್ಸೈಟ್. ಗಟ್ಟಿ ಮೈ ಮೇಲೆ ಹಿಂಡಿದ್ರೆ ನಿಂಬೆರಸಕ್ಕೆ ಅಷ್ಟು ಬೇಗ ಕಾಣಿಸಲ್ಲ, ಪುಡಿ ಮಾಡಿಯೇ ನೋಡ್ಬೇಕು.

ಸಾಯಂಕಾಲ ನಾಲ್ಕಕ್ಕೆ ಅಕ್ಕನ ಮನೆ ಸೇರ್ದೆ. ಮನೆಯೆಲ್ಲ ಉಪವಾಸ, ತಂಬಿಟ್ಟು, ಬಾಳೆಹಣ್ಣು, ಹೆಸರುಬೇಳೆ, ಪಾನಕ. ಕಾಲು ತೊಳೆಯೋಕೂ ಮುಂಚೆ "ಕಲ್ಲೆಲ್ಲಿ ಭಾವ" ಅಂದೆ. "ಕಾಂಪೌಂಡ್ ಮೇಲೆ ಇಟ್ಟಿದೀನಿ, ಧೂಳಿತ್ತು, ತೊಳೆದು ಒಣಗಲಿ ಅಂತ ಬಿಸಿಲಿಗಿಟ್ಟೆ" ಅಂದ್ರು. ಹೋಗಿ ನೋಡಿದ್ರೆ ಕರಿಕಲ್ಲು ಇದೆ, ಮೇಲಿದ್ದ ಹರಳಿಲ್ಲ. ಇದ್ದಿದ್ದು ಸೀಮೆಸುಣ್ಣದಂಥ ಬಿಳಿ ಪದರ. ಬೆರಳಲ್ಲಿ ಮುಟ್ಟಿದ್ದೇ ತಡ ಉದುರಿ ಗೋಡೆ ಮೇಲೆ ಚೂರು ಚೂರಾಗಿ ಬಿತ್ತು, ಅಕ್ಕಿ ನುಚ್ಚಿನಷ್ಟು ಉದ್ದದ ಚೂರುಗಳು. ಭಾವನಿಗೆ ಪಾಪ ತುಂಬಾ ಬೇಜಾರಾಯ್ತು, "ನಾಲ್ಕು ದಿನದ ಹಿಂದೆ ಫಳಫಳ ಅಂತಿತ್ತು ಕಣಪ್ಪ, ಯಾರೂ ಮುಟ್ಟಿಲ್ಲ, ನಾನೇ ಕಾಗೆ ಕೂರದಂಗೆ ನೋಡ್ಕೊಂಡಿದೀನಿ" ಅಂದ್ರು.

ನನಗೆ ಮಾತ್ರ ಎದೆ ಡವಡವ ಅಂತಿತ್ತು. ಸುಮ್ಮನೆ ಇಟ್ಟಲ್ಲೇ ಪುಡಿಯಾಗೋ ಜಿಯೋಲೈಟ್ ಅಂದ್ರೆ ತಕ್ಷಣ ನೆನಪಾಗೋದು ಒಂದೇ, ಲೋಮಾಂಟೈಟ್. ಸ್ಟಿಲ್ಬೈಟ್ ತನ್ನ ನೀರನ್ನ ಭದ್ರವಾಗಿ ಹಿಡ್ಕೊಂಡಿರುತ್ತೆ, ನಮ್ಮನೆ ಶೋಕೇಸಲ್ಲಿ ಇಷ್ಟು ವರ್ಷ ಇದ್ರೂ ಏನೂ ಆಗಿಲ್ಲ. ಲೋಮಾಂಟೈಟ್ ಹಂಗಲ್ಲ, ಒಣ ಗಾಳಿ ತಗುಲಿದ್ರೆ ಸಾಕು ಬೆಂಕಿ ಬೇಕಿಲ್ಲ, ಒಂದಷ್ಟು ನೀರು ಬಿಟ್ಟುಕೊಡುತ್ತೆ, ಹರಳು ಸ್ವಲ್ಪ ಕುಗ್ಗುತ್ತೆ, ಮೊದಲೇ ಸುಲಭವಾಗಿ ಸೀಳೋ ಜಾತಿ, ಅಲ್ಲಲ್ಲೇ ಸೀಳ್ಕೊಂಡು ಸುಣ್ಣ ಬಳಿದಂಗೆ ಮಾಸಿ ಉದುರುತ್ತೆ. ಹೆಸರು ಬಂದಿದ್ದು ಫ್ರಾನ್ಸಿನ ಜಿಲೆ ದ ಲೋಮಾಂ ಅನ್ನೋರಿಂದ, 1785ರಲ್ಲಿ ಬ್ರಿಟನಿ ಪ್ರಾಂತ್ಯದ ಒಂದು ಸೀಸದ ಗಣೀಲಿ ಮೊದಲು ಇದನ್ನ ಆಯ್ದೋರು ಅವರೇ. ಶಿವರಾತ್ರಿ ಹೊತ್ತಿನ ಬಯಲುಸೀಮೆ ಬಿಸಿಲಿಗೆ ನಾಲ್ಕು ದಿನ ಇಟ್ರೆ ಅದು ಉಳಿಯೋದಾದ್ರೂ ಹೆಂಗೆ.

ರಾತ್ರಿ ಜಾಗರಣೆ. ದೇವಸ್ಥಾನದಲ್ಲಿ ಭಜನೆ, ಒಂದು ಸಾಲು ಕನ್ನಡ ಒಂದು ಸಾಲು ತೆಲುಗು, ಕೈವಾರ ತಾತಯ್ಯನವರ ಪದಗಳು. ಕಟ್ಟೆ ಮೇಲೆ ಕೂತು ಭಾವನಿಗೆ ಇದನ್ನೆಲ್ಲ ಹೇಳ್ತಿದ್ದೆ. ಅವರು ಕೊನೆಗೆ ಕೇಳಿದ್ದು ಒಂದೇ, "ಹಂಗಾದ್ರೆ ಇನ್ನೊಂದು ಸಿಕ್ರೆ ನೀರಲ್ಲೇ ಇಡ್ಬೇಕಾ?" ಹೂಂ ಭಾವ, ಒದ್ದೆಯಾಗೇ ತರ್ಬೇಕು ಅಂದೆ.

ಎರಡನೇ ದಿನ

ಲೋಡ್ ತಂದ ಟ್ರ್ಯಾಕ್ಟರ್ ಡ್ರೈವರ್ ಪಕ್ಕದ ಊರಿನ ಹುಡುಗ, ಅವನ ಹಿಂದೆ ಕ್ವಾರಿಗೆ ಹೋದ್ವಿ. ಅಮಾವಾಸ್ಯೆ, ಕ್ವಾರಿ ಬಂದ್. ಕಾವಲಿಗಿದ್ದ ತಾತ ಒಳಗೆ ಬಿಡಲ್ಲ ಅಂದ್ರು, ಮಾಲೀಕರನ್ನ ಕೇಳ್ದೆ ಒಳಗೆ ಕಾಲಿಡೋದು ನಮಗೂ ಬೇಡವಾಗಿತ್ತು. ಫೋನ್ ನಂಬರ್ ತಗೊಂಡು ಮಾತಾಡಿದ್ರೆ "ನಾಳೆ ಮಧ್ಯಾಹ್ನ ಬನ್ನಿ ಸಾರ್, ಸಾಯಂಕಾಲ ಬ್ಲಾಸ್ಟಿಂಗ್ ಇದೆ ಅಷ್ಟರೊಳಗೆ ನೋಡ್ಕೊಂಡು ಹೊರಡಿ" ಅಂದ್ರು.

ದಿನ ಪೂರ್ತಿ ಖಾಲಿ. ಕೆಜಿಎಫ್ ಹತ್ರದ ಪೆದ್ದಪಲ್ಲಿ ನೋಡ್ಬೇಕು ಅಂತ ಬಹಳ ದಿನದಿಂದ ಆಸೆ ಇತ್ತು, ಭಾವ ನಾನೂ ಬರ್ತೀನಿ ಅಂತ ಹಿಂದೆ ಕೂತ್ರು. ಶ್ರೀನಿವಾಸಪುರದ ದಾರಿ ಉದ್ದಕ್ಕೂ ಮಾವಿನ ತೋಟ, ಹೂವು ಉದುರಿ ಕಡಲೆಕಾಳಷ್ಟು ಮಿಡಿ ಕಚ್ಚಿತ್ತು, ಕೆಲವು ಕಡೆ ಔಷಧಿ ಹೊಡೀತಿದ್ರು, ಹೆಲ್ಮೆಟ್ ಗ್ಲಾಸ್ ಇಳಿಸ್ಕೊಂಡೇ ದಾಟ್ಬೇಕಾಯ್ತು. ಮುಳಬಾಗಿಲಲ್ಲಿ ದೋಸೆ. ದಪ್ಪ, ಹೊರಗಡೆ ಕೆಂಪಗೆ ಗರಿ ಒಳಗಡೆ ಮೆತ್ತಗೆ, ತುಪ್ಪ ಸುರಿದು ಬೇಯಿಸ್ತಾರೆ, ಒಂದು ತಿಂದ್ರೆ ಮಧ್ಯಾಹ್ನದ ಊಟ ಬೇಡ. ಭಾವ ಎರಡು ತಿಂದ್ರು, ಹಿಂದಿನ ದಿನ ಉಪವಾಸ ಇದ್ದೋರು.

ಬೇತಮಂಗಲ ಕೆರೆ ದಾಟಿದ ಮೇಲೆ ಹಿಂದಿನ ಟೈರ್ ಪಂಕ್ಚರ್. ಒಂದೂವರೆ ಕಿಲೋಮೀಟರ್ ತಳ್ಳಿದ್ವಿ. ಪಂಕ್ಚರ್ ಅಂಗಡಿಯವರ ಅಪ್ಪ ಚಾಂಪಿಯನ್ ರೀಫ್ ಗಣೀಲಿ ಕೆಲಸ ಮಾಡಿದ್ರಂತೆ. ಆ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳ, ಒಂದು ಕಾಲದಲ್ಲಿ ಪ್ರಪಂಚದ ಆಳವಾದ ಗಣಿಗಳಲ್ಲಿ ಒಂದು. "ಕೆಳಗಡೆ ಬಂಡೆ ಮುಟ್ಟಿದ್ರೆ ಕೈ ಸುಡುತ್ತೆ ಅಂತ ನಮ್ಮಪ್ಪ ಹೇಳೋರು ಸಾರ್" ಅಂತ ಟ್ಯೂಬಿಗೆ ಸೊಲ್ಯೂಷನ್ ಹಚ್ತಾ ಹೇಳಿದ್ರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದಾಗ ಅವರ ಮನೇಲಿ ಮೂರು ದಿನ ಯಾರೂ ಸರಿಯಾಗಿ ಊಟ ಮಾಡಿರಲಿಲ್ವಂತೆ. ದುಡ್ಡು ಎಷ್ಟು ಅಂದ್ರೆ ನೂರು ಅಂದ್ರು, ಟೀ ಅವರೇ ತರಿಸಿ ಕೊಟ್ರು.

ಪೆದ್ದಪಲ್ಲಿ ಜಿಎಸ್ಐನವರು, ಅಂದ್ರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿರೋ ಜಾಗ. ಇಲ್ಲಿ ಸುತ್ತಿಗೆ ಬ್ಯಾಗಿಂದ ಆಚೆ ತೆಗೀಲೇಬಾರದು, ಕಣ್ಣಲ್ಲಿ ನೋಡೋದು ಫೋಟೋ ತೆಗೆಯೋದು ಅಷ್ಟೇ. ಜ್ವಾಲಾಮುಖಿ ಸಿಡಿದಾಗ ಹಾರಿ ಬಿದ್ದ ಚೂರುಗಳು ಒಂದಕ್ಕೊಂದು ಬೆಸೆದು ಬಂಡೆಯಾಗಿವೆ. ಕೋಲಾರದ ಈ ಪಟ್ಟಿ ಸುಮಾರು 270 ಕೋಟಿ ವರ್ಷ ಹಳೇದು, ಇಲ್ಲಿ ನೀರಿನಡಿ ಉಕ್ಕಿ ದಿಂಬಿನ ಆಕಾರಕ್ಕೆ ಗಟ್ಟಿಯಾದ ಲಾವಾನೂ ಇದೆ. ಅಂದ್ರೆ ಇಲ್ಲೂ ಒಂದು ಕಾಲದಲ್ಲಿ ಇದ್ದಿದ್ದು ಅಜಂತಾದ ಥರದ ಬಸಾಲ್ಟೇ.

ಭಾವ ಸರಿಯಾದ ಪ್ರಶ್ನೇನೇ ಕೇಳಿದ್ರು, "ಮತ್ತೆ ಇಲ್ಲಿ ಯಾಕೆ ನಿನ್ನ ಕಲ್ಲು ಸಿಗಲ್ಲ?" ಬಸಾಲ್ಟ್ ಹೌದು ಭಾವ, ಆದ್ರೆ ಇದು ಆಮೇಲೆ ಭೂಮಿಯೊಳಗೆ ಆಳಕ್ಕೆ ಹೋಗಿ 500 ಡಿಗ್ರಿಗೂ ಮೇಲೆ ಬೆಂದು ಬಂದಿದೆ, ಈಗ ಇದು ಆಂಫಿಬೊಲೈಟ್. ಜಿಯೋಲೈಟ್ ಬೆಳೆಯೋದು ಹದವಾದ ಬಿಸೀಲಿ, 250 ಡಿಗ್ರಿ ದಾಟಿದ್ರೆ ಸಾಮಾನ್ಯವಾಗಿ ಉಳಿಯಲ್ಲ, ಆವಾಗ ಇಲ್ಲಿ ಇದ್ದಿದ್ರೂ ಬೆಂದು ಬೇರೆ ಖನಿಜ ಆಗಿಹೋಗಿರುತ್ತೆ ಅಂದೆ. ಹಂಗೆ ಹೇಳ್ತಾ ಹೇಳ್ತಾ ನನಗೇ ಹೊಳೀತು. ಇಷ್ಟು ವರ್ಷ ನಾನು ಬಂಡೆಯ ವಯಸ್ಸು ನೋಡಿ ಸಿಗಲ್ಲ ಅಂತಿದ್ದೆ. ಬಂಡೆ ಹಳೇದಾದ್ರೆ ಏನಂತೆ, ಬಂಡೆ ತಣ್ಣಗಾಗಿ ಎಷ್ಟೋ ಕಾಲ ಕಳೆದ ಮೇಲೆ ಬಿಟ್ಟ ಬಿರುಕಲ್ಲಿ ಬಿಸಿನೀರು ಹರಿದಿದ್ರೆ ಸಾಕಲ್ಲ. ಹುಡುಕಬೇಕಾಗಿದ್ದು ಬಿರುಕನ್ನ.

ವಾಪಸ್ ಬರ್ತಾ ಬಂಗಾರಪೇಟೆ ಪಾನಿಪುರಿ ತಿಂದ್ವಿ. ಪಾನಿ ನೋಡೋಕೆ ಬರೀ ನೀರು, ಬಾಯಿಗಿಟ್ರೆ ಖಾರ. ಕೋಲಾರ ದಾಟೋವಾಗ ಕತ್ತಲಾಗಿತ್ತು.

ಮೂರನೇ ದಿನ

ಬೆಳಗಿನ ಜಾವ ಧಡಧಡ ಸದ್ದಿಗೆ ಎಚ್ಚರ ಆಯ್ತು. ಮೂರು ಹೊಲ ಆಚೆ ತಿರುಚೆಂಗೋಡಿನ ಬೋರ್‌ವೆಲ್ ಲಾರಿ ಎರಡು ದಿನದಿಂದ ನಿಂತಿತ್ತು, ಅಮಾವಾಸ್ಯೆ ಕಳೀಲಿ ಅಂತ ಕಾದು ಈಗ ಪೂಜೆ ಮಾಡಿ ಶುರು ಮಾಡಿದ್ರು. ಹಲ್ಲುಜ್ಜಿ ನಾನೂ ಹೋದೆ. ಆ ಹೊಲದ ಅಣ್ಣ ಚಾಪೆ ಮೇಲೆ ಕೂತಿದ್ರು, ಇದು ಅವರ ನಾಲ್ಕನೇ ಬೋರು, ಹಿಂದಿನ ಮೂರೂ ಫೇಲು, ಒಂದು 1,300 ಅಡಿ. ಅವರ ಹೆಂಡತಿ ದೂರದಲ್ಲಿ ನಿಂತು ಕೈಮುಗಿದುಕೊಂಡೇ ಇದ್ರು. ಅಂಥ ಜಾಗದಲ್ಲಿ ಕಲ್ಲು ನೋಡ್ತೀನಿ ಅನ್ನೋಕೆ ಬಾಯಿ ಬರಲ್ಲ, ಸುಮ್ಮನೆ ಕೂತೆ.

ಬರೀ ಬೂದಿ ಧೂಳು, ಆಮೇಲೆ ಕರಿ ಧೂಳು. ಡ್ರಿಲ್ಲರ್ ಹುಡುಗ ಪ್ರತಿ ರಾಡಿಗೂ ಒಂದು ಹಿಡಿ ಚೂರು ತೆಗೆದು ಸಾಲಾಗಿ ಗುಡ್ಡೆ ಹಾಕ್ತಿದ್ದ. ಒಂಬತ್ತೂವರೆ ಹೊತ್ತಿಗೆ 380 ಅಡಿ ಹತ್ರ ಸದ್ದು ಬದಲಾಯ್ತು, ಗಟ್ಟಿಯಾಗಿ ಟಕಟಕ ಅಂತಿದ್ದ ಸುತ್ತಿಗೆ ಒಮ್ಮೆ ಜೊಳ್ಳಾಗಿ ಸದ್ದು ಮಾಡ್ತು, ಹುಡುಗ "ಗ್ಯಾಪು, ಗ್ಯಾಪು" ಅಂತ ಕೂಗ್ದ, ಗ್ಯಾಪು ಅಂದ್ರೆ ಬಂಡೆಯೊಳಗಿನ ಬಿರುಕು, ಧೂಳು ನಿಂತು ಕೆಸರು ಹಾರ್ತು, ಹಿಂದೇನೇ ನೀರು. ಎರಡಿಂಚು ಅಂದ್ರು. ಆ ಅಣ್ಣ ಎದ್ದು ನಿಲ್ಲೋಕೆ ಹೋಗಿ ಮತ್ತೆ ಕೂತ್ಕೊಂಡ್ರು, ಕಣ್ಣಲ್ಲಿ ನೀರು. ಅವರ ಮನೆಯವರು ಬೆಲ್ಲ ಹಂಚಿದ್ರು, ನನ್ನ ಕೈಗೂ ಒಂದು ಉಂಡೆ.

ಆಮೇಲೆ ಡ್ರಿಲ್ಲರನ್ನ ಕೇಳಿ ಗ್ಯಾಪಲ್ಲಿ ಬಂದ ಚೂರು ಒಂದು ಹಿಡಿ ತಗೊಂಡು ನೀರಲ್ಲಿ ತೊಳೆದೆ. ಅದಕ್ಕೂ ಮುಂಚಿನ ಗುಡ್ಡೆಯ ಚೂರೆಲ್ಲ ಅಪ್ಪಟ ಕಪ್ಪು. ಗ್ಯಾಪಿನ ಚೂರುಗಳಲ್ಲಿ ಹತ್ತಕ್ಕೆ ಎರಡಕ್ಕೆ ಒಂದು ಮುಖದ ಮೇಲೆ ಮಾತ್ರ ಬಿಳಿ ಲೇಪ. ಕೆಲವು ನಿಂಬೆರಸಕ್ಕೆ ಗುಳ್ಳೆ ಎಬ್ಬಿಸ್ತು, ಕೆಲವು ಎಬ್ಬಿಸ್ಲಿಲ್ಲ. ಗುಳ್ಳೆ ಬರದೇ ಇದ್ದದ್ದನ್ನ ಮೊಳೆ ಗೀಚ್ತು. ಲೆನ್ಸಲ್ಲಿ ನೋಡಿದ್ರೆ ಗಾಜಿನಂಥ ಕಡ್ಡಿ. ನೀರು ಹರಿಯೋ ದಾರೀಲೇ ಇದೂ ಇದೆ.

ಮಧ್ಯಾಹ್ನ ಕ್ವಾರಿ. ಅಕ್ಕ ಉಪ್ಪಿನಕಾಯಿ ಜಾಡಿ ಒಂದನ್ನ ಸೋಪು ಹಾಕಿ ತೊಳೆದು ಕೊಟ್ಟಿದ್ಲು. ಮೇಸ್ತ್ರಿ ಎರಡು ಹೆಲ್ಮೆಟ್ ಕೊಟ್ರು, ಕಣ್ಣಿಗೆ ಗಾಗಲ್ಸ್ ನಾನೇ ತಂದಿದ್ದೆ, ಡಾಲರೈಟ್ ಚೂರು ಗಾಜಿನ ಥರ ಸಿಡಿಯುತ್ತೆ, ಗಾಗಲ್ಸ್ ಇಲ್ದೆ ಒಂದೇಟೂ ಹೊಡೀಬೇಡಿ. ಗೋಡೆ ಬುಡಕ್ಕೆ ಹೋಗ್ಬಾರ್ದು, ಬಿದ್ದಿರೋ ಕಲ್ಲಲ್ಲಿ ಮಾತ್ರ ನೋಡಿ ಅಂದ್ರು. ಒಪ್ಕೊಂಡೆ. ಒಂದೇ ಮಾತು ಕೇಳ್ದೆ, "ಮೇಸ್ತ್ರಿ, ಇಲ್ಲಿ ಬೇಸಿಗೇಲೂ ಜಿನುಗೋ ಜಾಗ ಯಾವುದು?" ಅವರು ಯೋಚ್ನೆ ಮಾಡ್ದೆ ಮೂಲೆ ತೋರ್ಸಿದ್ರು. ಅಲ್ಲಿ ಗೋಡೇಲಿ ನೆತ್ತಿಯಿಂದ ಬುಡದವರೆಗೂ ಒಂದು ನೇರ ಬಿರುಕು, ಅದರುದ್ದಕ್ಕೂ ಪಾಚಿ. ಆ ಕಡೆಯಿಂದ ಮೂರು ದಿನದ ಹಿಂದೆ ಉರುಳಿಸಿದ್ದ ಬಂಡೆಗಳು ಕೆಳಗೆ ನೀರಿನ ಗುಂಡೀಲಿ ಅರ್ಧ ಮುಳುಗಿದ್ವು.

ಪ್ಯಾಂಟ್ ಮಡಿಸಿ ಇಳಿದ್ವಿ. ಮೇಲಿದ್ದ ಬಂಡೆಗಳ ಬಿಳಿ ಮುಖ ಆಗಲೇ ಸುಣ್ಣವಾಗಿತ್ತು. ನೀರೊಳಗಿದ್ದ ಒಂದನ್ನ ಭಾವ, ಮೇಸ್ತ್ರಿ, ನಾನು ಸೇರಿ ಸನ್ನೆಗೋಲು ಹಾಕಿ ಮಗುಚಿದ್ವಿ. ಕೆಳಗಡೆ ಮುಖದ ಮೇಲೆ ಅಂಗೈ ಅಗಲದ ಜಾಗ ಪೂರ್ತಿ ಹರಳು. ಒಂದೊಂದೂ ಜೀರಿಗೆ ಉದ್ದ, ನಾಲ್ಕು ಮೂಲೆಯ ಕಂಬ, ತುದಿ ಓರೆ ಕತ್ತರಿಸಿದ್ದು, ಒದ್ದೆ ಗಾಜಿನಂಥ ಮೈ, ಬುಡದಲ್ಲಿ ಸೀಬೆಹಣ್ಣಿನ ಒಳಗಿನ ಗುಲಾಬಿ. ಪಕ್ಕದಲ್ಲಿ ಕ್ಯಾಲ್ಸೈಟ್ ಒಂದೆರಡು. ಬಿಸಿಲು ಬಿದ್ದಾಗ ಇಡೀ ಮುಖ ಮಿಣುಕ್ತು. ಮೇಸ್ತ್ರಿ ಮೂವತ್ತು ವರ್ಷದಿಂದ ಕಲ್ಲು ಒಡೀತಿರೋರು, ಲೆನ್ಸಲ್ಲಿ ನೋಡಿ ಬಹಳ ಹೊತ್ತು ವಾಪಸ್ ಕೊಡ್ಲೇ ಇಲ್ಲ. "ನಾವು ಇದಕ್ಕೆ ಬೂಜು ಅಂತೀವಿ ಸಾರ್, ಇದು ಇರೋ ಕಡೆ ಸ್ಲ್ಯಾಬು ನಿಲ್ಲಲ್ಲ, ಸೀಳೋಗುತ್ತೆ, ಅದಕ್ಕೇ ಸೈಜುಗಲ್ಲಿಗೆ ಹಾಕ್ಬಿಡ್ತೀವಿ" ಅಂದ್ರು. ಭಾವನ ಮನೆಗೆ ಆ ಕಲ್ಲು ಬಂದಿದ್ದು ಹೀಗೆ.

ಹರಳಿನ ಮೇಲೆ ಉಳಿ ಇಡ್ಬಾರ್ದು. ಹಿಂದಿನಿಂದ, ಕರಿಕಲ್ಲಿಗೆ ಏಟು ಹಾಕಿ ನಾಲ್ಕು ತುಂಡು ಎಬ್ಬಿಸಿದ್ವಿ, ಎರಡು ಕೈಯಲ್ಲೇ ಪುಡಿಯಾದ್ವು. ಉಳಿದ ಎರಡನ್ನ ಅದೇ ಗುಂಡಿ ನೀರಲ್ಲಿ ನೆನೆಸಿದ ಹತ್ತಿಬಟ್ಟೆ ಸುತ್ತಿ ಜಾಡಿಗೆ ಹಾಕಿ ಮುಚ್ಚಳ ಬಿಗಿದೆ, ಊರು, ತಾರೀಕು, ಯಾವ ಮೂಲೆ ಅಂತ ಚೀಟಿ ಬರೆದು ಹೊರಗಡೆ ಅಂಟಿಸ್ದೆ. ಚೀಟಿ ಅಲ್ಲೇ ಬರೀಬೇಕು, ಮನೆಗೆ ಹೋಗಿ ಬರೀತೀನಿ ಅಂದ್ಕೊಂಡು ಊರೇ ಗೊತ್ತಿಲ್ಲದ ಕಲ್ಲುಗಳು ನನ್ನ ಹತ್ರ ಒಂದು ಡಬ್ಬ ಇವೆ. ಮಾಲೀಕರಿಗೆ ಫೋನ್ ಮಾಡಿ ಎರಡು ತುಂಡು ತಗೊಂಡ್ವಿ ಅಂತ ಹೇಳಿ, ನಾಲ್ಕೂವರೆಗೆ ಸೈರನ್ ಕೂಗೋದ್ರೊಳಗೆ ಆಚೆ ಬಂದ್ವಿ.

ರಾತ್ರಿ ಅಕ್ಕನ ಅಡುಗೆಮನೇಲಿ, ಮುದ್ದೆ ಬಸ್ಸಾರು ಊಟ ಆದ್ಮೇಲೆ, ಟವೆಲಲ್ಲಿ ಸುತ್ತಿ ತಂದಿದ್ದ ಟೆಸ್ಟ್ ಟ್ಯೂಬ್ ತೆಗ್ದೆ. ಒಂದು ಚೂರು ಹರಳನ್ನ ಮೈಮೇಲಿನ ಒದ್ದೆ ಹೋಗೋವರೆಗೂ ಬಟ್ಟೇಲಿ ಒತ್ತಿ ಒರೆಸಿ, ಒಣಗಿದ ಟ್ಯೂಬಿಗೆ ಹಾಕಿ, ಇಕ್ಕಳದಲ್ಲಿ ಹಿಡಿದು ಸ್ಟವ್ ಮೇಲೆ ಬುಡ ಮಾತ್ರ ಕಾಯಿಸ್ದೆ. ಮೊದಲು ಟ್ಯೂಬಿನ ಮೇಲ್ಭಾಗ ಉಸಿರು ಬಿಟ್ಟಂಗೆ ಮಬ್ಬಾಯ್ತು. ಆಮೇಲೆ ಮಬ್ಬು ಹನಿ ಆಯ್ತು, ಹನಿ ಹನಿ ಸೇರಿ ಜಾರೋಕೆ ಶುರು ಆಯ್ತು. ಪಕ್ಕದಲ್ಲಿ ಇನ್ನೊಂದು ಟ್ಯೂಬಲ್ಲಿ ಕ್ಯಾಲ್ಸೈಟ್ ಚೂರು, ಅದೂ ಅದೇ ನೀರಿನ ಗುಂಡೀದೇ, ಹಂಗೇ ಒರೆಸಿದ್ದು, ಅಷ್ಟೇ ಹೊತ್ತು ಕಾಯಿಸಿದ್ರೂ ಗಾಜು ಒಣಗೇ ಇತ್ತು. ಅಕ್ಕ ಕೇಳಿದ್ಲು, "ಕಲ್ಲೊಳಗೆ ನೀರಿತ್ತಾ?" "ಇತ್ತು ಅಕ್ಕ" ಅಂದೆ. ಭಾವ ಟ್ಯೂಬನ್ನ ದೀಪಕ್ಕೆ ಹಿಡಿದು ಆ ಹನಿಯನ್ನೇ ನೋಡ್ತಾ ನಿಂತಿದ್ರು.

ನಾಲ್ಕನೇ ದಿನ

ಬಂದ ದಾರೀಲೇ ವಾಪಸ್. ಜಾಡಿ ಬ್ಯಾಗಿನ ನಡುವೆ, ಸುತ್ತ ಬಟ್ಟೆ ತುರುಕಿ. ಗೌರಿಬಿದನೂರಲ್ಲಿ ಎಳನೀರು, ಮಧುಗಿರೀಲಿ ಟೀ, ಎರಡು ಕಡೇನೂ ಮುಚ್ಚಳ ತೆಗೆದು ಬಟ್ಟೆ ಒದ್ದೆ ಇದ್ಯಾ ಅಂತ ನೋಡ್ದೆ.

ಸೋಮವಾರ ಸ್ಕೂಲ್ ಲ್ಯಾಬಲ್ಲಿ ಹತ್ತನೇ ಕ್ಲಾಸಿನವರ ಮುಂದೆ ಒಂದು ಚಿಟಿಕೆ ಪುಡಿಯನ್ನ ಹೈಡ್ರೋಕ್ಲೋರಿಕ್ ಆಸಿಡ್ಡಲ್ಲಿ ಹಾಕಿಟ್ಟೆ. ನೊರೆ ಬರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ನೋಡಿದ್ರೆ ತಳದಲ್ಲಿ ಗಂಜಿ ಕಟ್ಟಿದಂಗೆ ಜೆಲ್ಲಿ, ಲೋಮಾಂಟೈಟ್ ಮಾಡಬೇಕಾದ್ದು ಅದೇ. ಎರಡು ತುಂಡಲ್ಲಿ ಒಂದನ್ನ ಜಾಡೀಲೇ ಬಿಟ್ಟಿದೀನಿ. ಇನ್ನೊಂದನ್ನ ಬೇಕಂತಲೇ ಅಜಂತಾ ಸ್ಟಿಲ್ಬೈಟ್ ಪಕ್ಕ ಲ್ಯಾಬ್ ಕಿಟಕೀಲಿ ತೆರೆದಿಟ್ಟು ಕೆಳಗೆ ತಾರೀಕು ಬರೆದೆ, ದಿನಾ ಒಬ್ಬರು ಬಂದು ನೋಡಿ ನೋಟ್‌ಬುಕ್ಕಲ್ಲಿ ಬರೀಬೇಕು. ಮೂರನೇ ದಿನ ಒಬ್ಬ ಹುಡುಗಿ ಬರೆದಿದ್ಲು: ಹೊಳಪು ಹೋಗಿದೆ, ತುದಿ ಬಿಳಿಯಾಗಿದೆ, ಬುಡ ಇನ್ನೂ ಗುಲಾಬಿ. ಐದನೇ ದಿನ ಕಿಟಕಿ ಕಟ್ಟೆ ಮೇಲೆ ನುಚ್ಚು ಬಿದ್ದಿತ್ತು. ಅದನ್ನ ಗುಡಿಸ್ಬೇಡಿ ಅಂತ ಆಯಮ್ಮನಿಗೆ ಹೇಳಿದೀನಿ.